ಮನೆಯ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಕೊಡಗಿನ ಹಳೆಯ ತೋಟದ ಮನೆಗಳಲ್ಲಿ ಅಂಗಳದ ತೆರೆದ ಜಾಗದಲ್ಲೊಂದು ಮಳೆ ಮಾಪಕ, ಜಗಲಿಯ ಮೇಜಿನ ಮೇಲೆ ಅದರ ಪುಸ್ತಕ ಇರುತ್ತದೆ. ನಾನು ಹವ್ಯಾಸಕ್ಕೆ ಪ್ರೋಗ್ರಾಂ ಬರೆಯುವವನು ಎಂದು ಗೊತ್ತಾದ ಮೇಲೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: "ಅಜ್ಜ ಬರೆದದ್ದು, ಆಮೇಲೆ ಅಪ್ಪ, ಈಗ ನಾನು. ಇದನ್ನು ಕಂಪ್ಯೂಟರಿಗೆ ಹಾಕಲು ಯಾವ ಆ್ಯಪ್ ಒಳ್ಳೆಯದು?"

ಆ್ಯಪ್ ಹುಡುಕಬೇಡಿ. ನಿಮ್ಮ ಪುಸ್ತಕಕ್ಕೆ ಹೊಂದುವ ಪ್ರೋಗ್ರಾಮನ್ನು ನೀವೇ ಬರೆಯಬಹುದು. ಇನ್ನೂರು ಸಾಲು ಸಾಕು. ಪ್ರೋಗ್ರಾಮಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ನೆಪವೂ ಇಲ್ಲ. ಆದರೆ ಕೆಲಸದ ಮುಕ್ಕಾಲು ಪಾಲು ಕಂಪ್ಯೂಟರಿನಲ್ಲಿ ಅಲ್ಲ, ಪುಸ್ತಕದಲ್ಲಿ ಇದೆ. ನಾನು ಮೊದಲ ಸಲ ಶುರು ಮಾಡಿದಾಗ ಪಾಸ್‌ವರ್ಡ್ ಕೇಳುವ ಪರದೆ, ಮೋಡದ ಚಿತ್ರದ ಐಕಾನ್ ಎಂದು ಮೂರು ಭಾನುವಾರ ಕಳೆದೆ. ಒಂದು ದಿನದ ಮಳೆಯೂ ಒಳಗೆ ಹೋಗಿರಲಿಲ್ಲ.

ಬೇಕಾದದ್ದು ಇಷ್ಟು: ಯಾವುದಾದರೂ ಹಳೆಯ ಲ್ಯಾಪ್‌ಟಾಪ್, ಪೈಥಾನ್ 3 (ಉಚಿತವಾಗಿ ಸಿಗುವ ಪ್ರೋಗ್ರಾಮಿಂಗ್ ಭಾಷೆ; ಬರೆಯುವ ಕಿಟಕಿ ಅದರ ಜೊತೆಗೇ ಬರುತ್ತದೆ), ಒಂದು ಮೊಬೈಲ್ ಕ್ಯಾಮೆರಾ, ಮತ್ತು ಪುಸ್ತಕದ ಕೈಬರಹ ಓದಬಲ್ಲ ಮನೆಯ ಹಿರಿಯರೊಬ್ಬರು. ಕೊನೆಯದಕ್ಕೆ ಬದಲಿ ಇಲ್ಲ.

1. ಪುಟಗಳ ಫೋಟೊ ತೆಗೆಯಿರಿ

ಇದನ್ನು ಜನವರಿ, ಫೆಬ್ರವರಿಯಲ್ಲಿ ಮಾಡಿ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಳೆಯ ಪುಸ್ತಕ ಬಿಡಿಸಲೇಬೇಡಿ. ಥಂಡಿ ಹಿಡಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎಳೆದರೆ ಶಾಯಿ ಆಚೆ ಪುಟಕ್ಕೆ ಹೋಗುತ್ತದೆ. ಫ್ಲ್ಯಾಶ್ ಬೇಡ, ಜಗಲಿಯ ಬೆಳಕು ಸಾಕು. ಪ್ರತಿ ಫೋಟೊಗೆ ವರ್ಷ, ತಿಂಗಳನ್ನು ಹೆಸರಾಗಿ ಕೊಡಿ. ಮುಂದೆ ಅನುಮಾನ ಬಂದಾಗಲೆಲ್ಲ ಫೋಟೊ ನೋಡುತ್ತೀರಿ, ಪುಸ್ತಕ ಕಪಾಟಿನಲ್ಲೇ ಇರುತ್ತದೆ.

2. ಪುಸ್ತಕದ ಭಾಷೆ ತಿಳಿದುಕೊಳ್ಳಿ

ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪ್ರಶ್ನೆಗಳನ್ನು ಕೇಳಿ. ಉತ್ತರಗಳನ್ನು ಬರೆದಿಡಿ. ಪ್ರೋಗ್ರಾಂ ಎಡವುವುದೆಲ್ಲ ಇಲ್ಲೇ.

ಅಳತೆ ಯಾವುದು? ನಮ್ಮಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ಎಕರೆಯ ನೂರನೇ ಒಂದು ಭಾಗ ಜಾಗದ ಸೆಂಟ್ ಆದ ಹಾಗೆ, ಇಂಚಿನ ನೂರನೇ ಒಂದು ಭಾಗ ಮಳೆಯ ಸೆಂಟ್. (ಒಂದು ಸೆಂಟ್ ಜಾಗದ ಮೇಲೆ ಒಂದು ಸೆಂಟ್ ಮಳೆ ಬಿದ್ದರೆ ಸುಮಾರು 10 ಲೀಟರ್ ನೀರು. ಲೆಕ್ಕ ಹಾಕಿ ನೋಡಿ, ಎರಡು ಸೆಂಟುಗಳೂ ಇಷ್ಟು ಚೆನ್ನಾಗಿ ಕೂಡಿ ಬರುವುದು ಖುಷಿ ಕೊಡುತ್ತದೆ.) ಆದರೆ ಮನೆಗೆ ಪ್ಲಾಸ್ಟಿಕ್ ಮಾಪಕ ಬಂದ ವರ್ಷದಿಂದ ಪುಸ್ತಕ ಸದ್ದಿಲ್ಲದೆ ಮಿಲಿಮೀಟರಿಗೆ ತಿರುಗಿರಬಹುದು. ಆ ಪುಟ ಯಾವುದು ಎಂದು ಗುರುತು ಹಾಕಿ.

"1.5" ಎಂದರೆ ಎಷ್ಟು? ಇದಕ್ಕಿಂತ ದೊಡ್ಡ ಗುಂಡಿ ಈ ದಾರಿಯಲ್ಲಿ ಇಲ್ಲ. ಶಾಲೆಯ ಗಣಿತದ ಪ್ರಕಾರ ಅದು ಒಂದೂವರೆ ಇಂಚು, ಅಂದರೆ 150 ಸೆಂಟ್. ಆದರೆ ಬರೆದವರ ಮನಸ್ಸಿನಲ್ಲಿ ಆ ಚುಕ್ಕೆ ದಶಮಾಂಶವಲ್ಲ, ಇಂಚನ್ನೂ ಸೆಂಟನ್ನೂ ಬೇರೆ ಮಾಡುವ ಗುರುತು. ಅವರಿಗೆ 1.5 ಎಂದರೆ ಒಂದು ಇಂಚು ಐದು ಸೆಂಟ್, ಅಂದರೆ 105. ಅದೇ ಪುಸ್ತಕದಲ್ಲಿ ಬೇರೊಬ್ಬರು, ಉದಾಹರಣೆಗೆ ತೋಟದ ಲೆಕ್ಕ ಬರೆಯುವ ರೈಟರ್, ಬರೆದ ತಿಂಗಳಲ್ಲಿ 1.5 ಎಂದರೆ 150 ಇದ್ದೀತು. ಪತ್ತೆ ಮಾಡುವ ದಾರಿ ಒಂದಿದೆ: ಪುಟದಲ್ಲಿ ಎಲ್ಲಾದರೂ "1.05" ಎಂದು ಸೊನ್ನೆ ಹಾಕಿ ಬರೆದಿದ್ದಾರೆಯೇ ನೋಡಿ. ಬರೆದಿದ್ದರೆ ಆ ಕೈಯಲ್ಲಿ 1.5 ಎಂದರೆ 150. ಸೊನ್ನೆ ಹಾಕುವ ಅಭ್ಯಾಸವೇ ಇಲ್ಲದ ಕೈ ಆದರೆ ತಿಂಗಳ ಕೊನೆಯ ಮೊತ್ತವನ್ನು ಎರಡೂ ರೀತಿಯಲ್ಲಿ ಕೂಡಿ, ಯಾವುದು ತಾಳೆಯಾಗುತ್ತದೆಯೋ ಅದು.

ಯಾವ ದಿನದ ಮಳೆ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ. ಮನೆಗಳಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಅಳೆಯುತ್ತಾರೆ. ಅಳೆದ ನೀರು ಬಹುಪಾಲು ನಿನ್ನೆಯದು. ಕೆಲವರು ಅದನ್ನು ನಿನ್ನೆಯ ತಾರೀಕಿಗೆ ಬರೆಯುತ್ತಾರೆ, ಕೆಲವರು ಇಂದಿನದಕ್ಕೆ. ಎರಡರಲ್ಲಿ ಯಾವುದಾದರೂ ಸರಿಯೇ, ನಿಮ್ಮ ಮನೆಯದು ಯಾವುದೆಂದು ಗೊತ್ತಿದ್ದರೆ. ಗೊತ್ತಿಲ್ಲದೆ ಪಕ್ಕದ ತೋಟದ ಲೆಕ್ಕದ ಜೊತೆ ಹೋಲಿಸಿದರೆ ಅವರ ಮಳೆ ಯಾವಾಗಲೂ ನಿಮಗಿಂತ ಒಂದು ದಿನ ಮೊದಲೇ ಬಂದಂತೆ ಕಾಣುತ್ತದೆ.

ಖಾಲಿ ಬಿಟ್ಟ ಜಾಗ ಸೊನ್ನೆಯೇ? ಜನವರಿಯ ಖಾಲಿ ಜಾಗ ಸೊನ್ನೆ ಎಂದು ಧೈರ್ಯವಾಗಿ ಹೇಳಬಹುದು. ಜುಲೈನ ಖಾಲಿ ಜಾಗಕ್ಕೆ ಅರ್ಥವೇ ಬೇರೆ: ಮನೆಯವರು ಮದುವೆಗೆ ಹೋಗಿದ್ದರು, ಅಥವಾ ಮಾಪಕದ ಡಬ್ಬಿ ಉಕ್ಕಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋದವರು ಮಳೆ ಅಳೆಯುತ್ತ ಕೂತಿರಲಿಲ್ಲ. ಅಂಥ ಪುಟದ ಖಾಲಿ ಜಾಗಗಳಿಗೆ ಸೊನ್ನೆ ತುಂಬಿದರೆ ಆ ತಿಂಗಳು ನಿಮ್ಮ ಕಂಪ್ಯೂಟರಿನಲ್ಲಿ ಒಣ ತಿಂಗಳಾಗಿ ಕಾಣುತ್ತದೆ.

3. ಕಡತದ ರೂಪ ನಿರ್ಧರಿಸಿ

ವರ್ಷಕ್ಕೊಂದು ಸಿಎಸ್‌ವಿ ಕಡತ ಮಾಡಿ. ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಸಾದಾ ಪಠ್ಯ. ಇಪ್ಪತ್ತು ವರ್ಷ ಬಿಟ್ಟರೂ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ. ಒಂದು ಸಾಲು ಹೀಗಿರಲಿ:

2009-07-12, 3.5, 305, ಅಳೆದದ್ದು, ರಾತ್ರಿ ಗಾಳಿ

ಮೊದಲು ದಿನಾಂಕ: ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. ಹೀಗೆ ಬರೆದರೆ ಅಕ್ಷರ ಕ್ರಮದಲ್ಲಿ ಜೋಡಿಸಿದಾಗ ಕಾಲಕ್ರಮವೂ ತಾನಾಗಿ ಬರುತ್ತದೆ. ಎರಡನೆಯದು ಪುಸ್ತಕದಲ್ಲಿ ಬರೆದದ್ದು ಬರೆದ ಹಾಗೆಯೇ. ಮೂರನೆಯದು ನೀವು ಅರ್ಥ ಮಾಡಿಕೊಂಡ ಸೆಂಟ್. ಆಮೇಲೆ ಸ್ಥಿತಿ, ಕೊನೆಗೆ ಟಿಪ್ಪಣಿ. "ಬರೆದ ಹಾಗೆ" ಎಂಬ ಕಾಲಂ ದಂಡ ಎಂದು ಹಲವರಿಗೆ ಅನ್ನಿಸುತ್ತದೆ. ದಂಡವಲ್ಲ. ಎರಡು ವರ್ಷದ ಲೆಕ್ಕ ಹೊಡೆದ ಮೇಲೆ 3.5 ಎಂದರೆ 350 ಎಂದು ಗೊತ್ತಾದರೆ ಒಂದು ಆಜ್ಞೆಯಲ್ಲಿ ಎಲ್ಲವನ್ನೂ ತಿದ್ದಬಹುದು. ಆ ಕಾಲಂ ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಬೆರಳಚ್ಚು.

ಸ್ಥಿತಿಗೆ ನಾಲ್ಕು ಪದ ಸಾಕು: ಅಳೆದದ್ದು, ಖಾಲಿ, ಕೂಡಿದ್ದು, ಉಕ್ಕಿದ್ದು. "ಮೂರು ದಿನದ್ದು ಸೇರಿ 4.20" ಎಂದಿದ್ದರೆ ಅದನ್ನು ಮೂರರಿಂದ ಭಾಗಿಸಿ ಹಂಚಬೇಡಿ. ಮೊದಲ ಎರಡು ದಿನ ಖಾಲಿ, ಮೂರನೆಯ ದಿನ 420, ಸ್ಥಿತಿ "ಕೂಡಿದ್ದು". ತಿಂಗಳ ಮೊತ್ತಕ್ಕೆ ಇದು ಸೇರುತ್ತದೆ, "ಒಂದೇ ದಿನ ಅತಿ ಹೆಚ್ಚು ಮಳೆ" ಎಂಬ ಪಟ್ಟಿಗೆ ಸೇರುವುದಿಲ್ಲ.

ಸೆಂಟನ್ನು ಯಾವಾಗಲೂ ಪೂರ್ಣಾಂಕವಾಗಿಯೇ ಇಡಿ. ಕಂಪ್ಯೂಟರಿಗೆ ದಶಮಾಂಶ ಕೂಡಿಸುವುದರಲ್ಲಿ ಸಣ್ಣ ಎಡವಟ್ಟು ಇದೆ: ಪೈಥಾನಿನಲ್ಲಿ 0.1 + 0.2 ಎಂದು ಕೇಳಿ, 0.30000000000000004 ಎನ್ನುತ್ತದೆ. ಮೂವತ್ತು ವರ್ಷ ಕೂಡಿದ ಮೇಲೆ ಪುಸ್ತಕದ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ "ಸಮ ಇದೆಯೇ" ಎಂದು ಕೇಳಿದರೆ ಇಲ್ಲ ಎನ್ನಲು ಇಷ್ಟೇ ಸಾಕು.

ಎಚ್ಚರಿಕೆ: ಬೆರಳಚ್ಚಿಗೆ ಎಕ್ಸೆಲ್‌ನಂಥ ತಂತ್ರಾಂಶ ಬಳಸುವುದಾದರೆ ಕಾಲಂಗಳನ್ನು ಮೊದಲೇ "ಪಠ್ಯ" ಎಂದು ಗೊತ್ತು ಮಾಡಿ. ಇಲ್ಲವಾದರೆ ನೀವು 1-05 ಎಂದು ಹೊಡೆದರೆ ಅದು ಅದನ್ನು ತಾರೀಕು ಎಂದು ತಿಳಿದು ಮೇ 1 ಮಾಡಿಬಿಡುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ.

4. ಬೆರಳಚ್ಚಿಗೆ ಸಣ್ಣ ಪ್ರೋಗ್ರಾಂ

ಇದು ನಿಮ್ಮ ಮೊದಲ ಪ್ರೋಗ್ರಾಂ. ಅದು ಮಾಡಬೇಕಾದದ್ದು: ವರ್ಷ, ತಿಂಗಳು ಕೇಳುವುದು, ದಿನಗಳನ್ನು ಒಂದೊಂದಾಗಿ ತೋರಿಸುವುದು, ನೀವು ಹೊಡೆದದ್ದನ್ನು ಸೆಂಟಿಗೆ ತಿರುಗಿಸಿ ಕಡತಕ್ಕೆ ಸೇರಿಸುವುದು. ದಿನಾಂಕ ನೀವು ಹೊಡೆಯಬೇಡಿ, ಪ್ರೋಗ್ರಾಂ ಎಣಿಸಲಿ. ಅಧಿಕ ವರ್ಷದ ಫೆಬ್ರವರಿ 29 ಅದಕ್ಕೆ ಗೊತ್ತು.

ಪೈಥಾನ್ 3ರಲ್ಲಿ ಚರಗಳಿಗೆ, ಅಂದರೆ ಬೆಲೆ ಹಿಡಿದಿಡುವ ಹೆಸರುಗಳಿಗೆ, ಕನ್ನಡವನ್ನೇ ಬಳಸಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಇಂಚು, ಉಳಿದದ್ದು ಎಂಬ ಹೆಸರುಗಳಿಗೆ ಮೊದಲೇ ಬೆಲೆ ಕೊಟ್ಟಿದ್ದರೆ ಈ ಎರಡು ಸಾಲುಗಳು ಹೀಗೆಯೇ ಓಡುತ್ತವೆ:

ಸೆಂಟ್ = ಇಂಚು * 100 + ಉಳಿದದ್ದು
ಮಿಮೀ = ಸೆಂಟ್ * 0.254

ಅಜ್ಜ ಕನ್ನಡ ಅಂಕಿಯಲ್ಲಿ ಬರೆದಿದ್ದರೂ ತೊಂದರೆಯಿಲ್ಲ. ೧೨ ಎಂದು ಹೊಡೆದರೆ ಪೈಥಾನ್ ಅದನ್ನು 12 ಎಂದೇ ಓದಿಕೊಳ್ಳುತ್ತದೆ. ಒಂದೇ ತೊಡಕು: "ಮಾರ್ಚ್‌ಮಳೆ" ಎಂಬಂಥ ಹೆಸರಿನಲ್ಲಿ ಅರ್ಧಾಕ್ಷರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಟಿಪ್ಪಣಿಯಲ್ಲಿ ಅದು ಇರಲಿ, ಚರದ ಹೆಸರಿನಲ್ಲಿ ಇದ್ದರೆ ಪೈಥಾನ್ ದೋಷ ಎನ್ನುತ್ತದೆ. ಸಾಲು ನೋಡಲು ಸರಿಯಾಗಿಯೇ ಇರುತ್ತದೆ, ತಪ್ಪು ಹುಡುಕುತ್ತ ಅರ್ಧ ದಿನ ಹೋಗುತ್ತದೆ.

ಪ್ರೋಗ್ರಾಂ ಕಡತ ತೆರೆಯುವಾಗಲೂ ಬರೆಯುವಾಗಲೂ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ. ಇದು ಎಲ್ಲ ಭಾಷೆಯ ಅಕ್ಷರಗಳನ್ನು ಸಂಖ್ಯೆಯಾಗಿ ಬರೆದಿಡುವ ಪದ್ಧತಿ. ಹೇಳದಿದ್ದರೆ ವಿಂಡೋಸ್ ತನ್ನದೇ ಹಳೆಯ ಪದ್ಧತಿ ಹಿಡಿಯಬಹುದು, ಕನ್ನಡ ಟಿಪ್ಪಣಿ ಬಂದ ಮೊದಲ ಸಾಲಿನಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ಟಿಪ್ಪಣಿಯೊಳಗೆ ಅಲ್ಪವಿರಾಮ ಬಂದರೂ ಕಾಲಂ ಒಡೆಯುತ್ತದೆ. ಅದಕ್ಕೆ ಪೈಥಾನಿನ ಸಿಎಸ್‌ವಿ ಘಟಕವನ್ನೇ (ಘಟಕ ಎಂದರೆ ಸಿದ್ಧವಾಗಿ ಸಿಗುವ ಪ್ರೋಗ್ರಾಂ ತುಂಡು) ಬಳಸಿ, ಕೈಯಾರೆ ಅಲ್ಪವಿರಾಮ ಅಂಟಿಸಲು ಹೋಗಬೇಡಿ. ಹಿಂದೆಯೇ ಯಾರೋ ಹಳೆಯ "ನುಡಿ" ತಂತ್ರಾಂಶದ ಅಕ್ಷರದಲ್ಲಿ ಸ್ವಲ್ಪ ಭಾಗ ಹೊಡೆದಿಟ್ಟಿದ್ದರೆ ಅದನ್ನು ಮೊದಲು ಯೂನಿಕೋಡಿಗೆ, ಅಂದರೆ ಯುಟಿಎಫ್-8 ಬಳಸುವ ಅಕ್ಷರಸಂಖ್ಯೆಗಳಿಗೆ, ಪರಿವರ್ತಿಸಿ.

ಪ್ರತಿ ಸಾಲು ಹೊಡೆದ ಕೂಡಲೇ ಕಡತಕ್ಕೆ ಬರೆಯಲಿ, ತಿಂಗಳು ಮುಗಿಯಲಿ ಎಂದು ಕಾಯುವುದು ಬೇಡ. ಕೊಡಗಿನ ಕರೆಂಟನ್ನು ನಂಬಿ ಯಾವುದನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವ ಪ್ರೋಗ್ರಾಂ ಬರೆಯಬಾರದು.

5. ತಾಳೆ ನೋಡಿ

ಪುಟದ ಅಡಿಯಲ್ಲಿ ಹಿರಿಯರು ತಿಂಗಳ ಮೊತ್ತ ಬರೆದಿರುತ್ತಾರೆ. ಅದೇ ನಿಮಗೆ ಸಿಕ್ಕಿರುವ ಪರೀಕ್ಷಕ. ಒಂದು ತಿಂಗಳು ಹೊಡೆದ ತಕ್ಷಣ ಪ್ರೋಗ್ರಾಂ ತನ್ನ ಮೊತ್ತ ತೋರಿಸಲಿ, ಪುಟದ ಮೊತ್ತ ಕೇಳಲಿ, ಎರಡರ ವ್ಯತ್ಯಾಸ ಹೇಳಲಿ. ವ್ಯತ್ಯಾಸ 9, 18, 45 ಹೀಗೆ 9ರ ಗುಣಕದಲ್ಲಿ ಬಂದರೆ ಎಲ್ಲೋ 1.5ರ ಗೊಂದಲ ಇರಬಹುದು: ಒಂದು ಸೆಂಟನ್ನು ಹತ್ತೆಂದು ಓದಿದರೆ 9 ತಪ್ಪುತ್ತದೆ, ಐದನ್ನು ಐವತ್ತೆಂದು ಓದಿದರೆ 45. ಅಂಕಿ ಅದಲು ಬದಲಾದರೂ, ಅಂದರೆ 27 ಬದಲು 72 ಹೊಡೆದರೂ, ವ್ಯತ್ಯಾಸ 9ರಿಂದ ಭಾಗವಾಗುತ್ತದೆ. ಲೆಕ್ಕಪತ್ರದವರ ಹಳೆಯ ಉಪಾಯ ಇದು. 9ರಿಂದ ಭಾಗವಾಗದಿದ್ದರೆ ಒಂದು ದಿನ ಬಿಟ್ಟು ಹೋಗಿದೆ ಎಂದು ಮೊದಲು ಅನುಮಾನಿಸಿ.

ಯಾವುದೂ ಅಲ್ಲವೆಂದರೆ ಪುಟದ ಕೂಡಿಕೆಯೇ ತಪ್ಪಿರಬಹುದು. ಅಜ್ಜಂದಿರೂ ಕೂಡುವುದರಲ್ಲಿ ತಪ್ಪುತ್ತಿದ್ದರು. ಆದರೆ ಅವರ ಮೊತ್ತವನ್ನು ತಿದ್ದಬೇಡಿ, ಟಿಪ್ಪಣಿಯಲ್ಲಿ ಎರಡನ್ನೂ ಇಡಿ.

ಒಂದೇ ದಿನಕ್ಕೆ 1,500 ಸೆಂಟ್ ಮೀರಿದರೆ, ಅಥವಾ ಡಿಸೆಂಬರಿನಿಂದ ಮಾರ್ಚ್‌ವರೆಗೆ 400 ಸೆಂಟ್ ಮೀರಿದರೆ, ಪ್ರೋಗ್ರಾಂ ನಿಂತು "ನಿಜವೇ?" ಎಂದು ಕೇಳಲಿ. ಇಂಚಿನ ನಡುವೆ ನುಸುಳಿದ ಮಿಲಿಮೀಟರ್ ಸಿಕ್ಕಿಬೀಳುವುದು ಇಲ್ಲಿಯೇ.

6. ಪ್ರಶ್ನೆ ಕೇಳಿ

ಸಿಎಸ್‌ವಿ ಕಡತಗಳನ್ನೆಲ್ಲ ಓದಿ ಎಸ್‌ಕ್ಯೂಲೈಟ್ ಡೇಟಾಬೇಸ್ ಕಟ್ಟುವ ಇನ್ನೊಂದು ಸಣ್ಣ ಪ್ರೋಗ್ರಾಂ ಬರೆಯಿರಿ. ಎಸ್‌ಕ್ಯೂಲೈಟ್ ಎಂದರೆ ಇಡೀ ಡೇಟಾಬೇಸ್ ಒಂದೇ ಕಡತದಲ್ಲಿ ಇರುವ ವ್ಯವಸ್ಥೆ. 2000ದಲ್ಲಿ ಬಂತು, ಪೈಥಾನಿನ ಜೊತೆಗೇ ಸಿಗುತ್ತದೆ, ಪ್ರತ್ಯೇಕ ಸರ್ವರ್ ಬೇಡ, ಇಂಟರ್ನೆಟ್ಟೂ ಬೇಡ. ಡೇಟಾಬೇಸ್ ಹಾಳಾದರೆ ಅಳಿಸಿ ಮತ್ತೆ ಕಟ್ಟಿ. ಮೂಲ ಯಾವಾಗಲೂ ಸಿಎಸ್‌ವಿ.

ಇನ್ನು ನಿಮ್ಮ ಮನೆಯ ಪ್ರಶ್ನೆಗಳು. ತೋಟದವರು ಮೊದಲು ಕೇಳುವುದು ಹೂಮಳೆ, ಅಂದರೆ ಕಾಫಿಯ ಹೂ ಅರಳಿಸುವ ಮಳೆ. ಫೆಬ್ರವರಿ 1ರಿಂದ ಏಪ್ರಿಲ್ 30ರೊಳಗೆ ಎರಡು ದಿನ ಸೇರಿ 100 ಸೆಂಟ್ ದಾಟಿದ ಮೊದಲ ದಿನ ಯಾವುದು, ಅದರ ಬೆನ್ನಿಗೆ ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂವು ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆ, ಬಂತೇ? ವರ್ಷಕ್ಕೊಂದು ಸಾಲಿನಂತೆ ಉತ್ತರ ಬಂದಾಗ ಮನೆಯ ಹಿರಿಯರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ, ಖಂಡಿತ.

ಎರಡನೆಯದು ನಕ್ಷತ್ರದ ಮಳೆ. ಆರಿದ್ರಾ ಜೂನ್ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ, ಮಘಾ 16-17ಕ್ಕೆ ಹುಟ್ಟುತ್ತದೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುವುದರಿಂದ ತಾರೀಕನ್ನು ಪ್ರೋಗ್ರಾಮಿನೊಳಗೆ ಬರೆಯಬೇಡಿ. ಪಂಚಾಂಗ ನೋಡಿ ಬೇರೆ ಕಡತದಲ್ಲಿಟ್ಟು ಓದಿಸಿ.

7. ಮಳೆಯ ಚಿತ್ರ

ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ ಇದು. ದಿನಕ್ಕೊಂದು ಸಣ್ಣ ಚೌಕ, ವರ್ಷಕ್ಕೊಂದು ಸಾಲು. ಮೂವತ್ತು ವರ್ಷ ಒಂದರ ಕೆಳಗೆ ಒಂದು ಬಂದಾಗ ಗೋಡೆಗೆ ಹಾಕುವಂಥ ಚಿತ್ರ ಆಗುತ್ತದೆ.

ಚಿತ್ರವನ್ನು ಎಸ್‌ವಿಜಿ ಕಡತವಾಗಿ ಬರೆಯಿರಿ. ಇದು ಚಿತ್ರವನ್ನು ಮಾತಿನಲ್ಲಿ ಹೇಳುವ ಕಡತ: ಇಲ್ಲಿ ಒಂದು ಚೌಕ, ಇಷ್ಟು ಅಗಲ, ಈ ಬಣ್ಣ. ಬೇರೆ ಘಟಕ ಏನೂ ಬೇಡ, ಸಾಲು ಬರೆಯಲು ಬಂದರೆ ಸಾಕು. ಇನ್ನೊಂದು ಲಾಭವೂ ಇದೆ. ಗ್ರಾಫ್ ಬಿಡಿಸುವ ಕೆಲವು ಪೈಥಾನ್ ಘಟಕಗಳ ಹಳೆಯ ಆವೃತ್ತಿಗಳು ಕನ್ನಡದ ಒತ್ತಕ್ಷರವನ್ನು ಒಡೆದುಹಾಕುತ್ತವೆ, "ಆಗಸ್ಟ್" ಎಂಬುದು ತುಂಡು ತುಂಡಾಗಿ ಬರುತ್ತದೆ. ಎಸ್‌ವಿಜಿಯನ್ನು ಬ್ರೌಸರ್ ತೆರೆಯುವುದರಿಂದ ಅಕ್ಷರ ಸರಿಯಾಗಿ ಕೂರುತ್ತದೆ. ಮುದ್ರಣಕ್ಕೆ ಅಲ್ಲಿಂದಲೇ ಪಿಡಿಎಫ್ ಮಾಡಿ.

ಅಡ್ಡಕ್ಕೆ ಯಾವಾಗಲೂ 366 ಚೌಕ. ಸಾಮಾನ್ಯ ವರ್ಷದಲ್ಲಿ ಫೆಬ್ರವರಿ 29ರ ಜಾಗ ಬರಿದಾಗಿ ಬಿಡಿ. ಇಲ್ಲವಾದರೆ ಮಾರ್ಚ್‌ನಿಂದ ಆಚೆ ಎಲ್ಲ ಒಂದು ಚೌಕ ಜರುಗುತ್ತದೆ, ನೀವು ಆಗಸ್ಟ್ 3ಕ್ಕೆ, ಅಂದರೆ ಕಕ್ಕಡ 18ಕ್ಕೆ, ಮೇಲಿನಿಂದ ಕೆಳಗೆ ಎಳೆದ ಗೆರೆ ಕೆಲವು ವರ್ಷ ಆಗಸ್ಟ್ 4ರ ಮೇಲೆ ಬೀಳುತ್ತದೆ.

ಬಣ್ಣದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು: ಸೊನ್ನೆಗೆ ಬಿಳಿ, ಅತಿ ಹೆಚ್ಚಿನದಕ್ಕೆ ಕಡು ನೀಲಿ, ನಡುವೆ ಸಮನಾಗಿ ಹಂಚುವುದು. ಹಾಗೆ ಮಾಡಿದರೆ ಒಂದು ಭಯಂಕರ ದಿನದ ದೆಸೆಯಿಂದ ಉಳಿದ ಮಳೆಗಾಲವೆಲ್ಲ ಬಿಳಿಚಿಕೊಳ್ಳುತ್ತದೆ. ಮೆಟ್ಟಿಲು ಮಾಡಿ. ಹವಾಮಾನ ಇಲಾಖೆಯ ಮಿತಿಗಳು ಸೆಂಟಿಗೆ ಚೆನ್ನಾಗಿ ಹೊಂದುತ್ತವೆ: 2.5 ಮಿಲಿಮೀಟರ್ ಆದರೆ ಅದು "ಮಳೆ ದಿನ", ಅಂದರೆ 10 ಸೆಂಟ್, 64.5ರಿಂದ ಭಾರಿ ಮಳೆ, 254 ಸೆಂಟ್, 115.6ರಿಂದ ಅತಿ ಭಾರಿ, 455 ಸೆಂಟ್, 204.5ರಿಂದ ಅದಕ್ಕೂ ಮೇಲಿನ ಮೆಟ್ಟಿಲು, 805 ಸೆಂಟ್. ನಡುವೆ 100 ಸೆಂಟಿಗೆ ನನ್ನದೊಂದು ಮೆಟ್ಟಿಲು ಸೇರಿಸಿಕೊಂಡಿದ್ದೇನೆ. ಒಟ್ಟು ಆರು ಬಣ್ಣ. ಖಾಲಿ ದಿನಗಳಿಗೆ ಬಿಳಿ ಬೇಡ, ಬೂದು ಹಾಕಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾತ್ರ ನೀಲಿ ಬಿಟ್ಟು ಹಸಿರು ಬಳಸುತ್ತೇನೆ, ಮೆಟ್ಟಿಲುಗಳೂ ಚಿಕ್ಕವು: 25, 50, 100 ಸೆಂಟ್. ಜುಲೈನಲ್ಲಿ 50 ಸೆಂಟ್ ಬಿದ್ದರೆ "ಇವತ್ತು ಬಿಡುವು" ಎನ್ನುತ್ತೇವೆ. ಮಾರ್ಚ್‌ನಲ್ಲಿ ಅಷ್ಟೇ ಬಿದ್ದರೆ ಊರೆಲ್ಲ ಫೋನ್ ಮಾಡಿ ನಿಮಗೆಷ್ಟು, ನಮಗಿಷ್ಟು ಎನ್ನುತ್ತಾರೆ. ಒಂದೇ ಬಣ್ಣ ಎರಡಕ್ಕೂ ಹೊಂದುವುದಿಲ್ಲ.

8. ಪ್ರತಿ ತೆಗೆದಿಡಿ

ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಒಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಕಂಪ್ಯೂಟರಿನಲ್ಲಿ. ಮಳೆಗಾಲದ ಮನೆಯಲ್ಲಿ ಎರಡೂ ಪ್ರತಿ ಒಂದೇ ಕಪಾಟಿನಲ್ಲಿದ್ದರೆ ಅದು ಒಂದೇ ಪ್ರತಿ. ಕಾಗದದ ಪುಸ್ತಕ ಬರೆಯುವುದನ್ನು ನಿಲ್ಲಿಸಬೇಡಿ. ಮೂರು ದಿನ ಕರೆಂಟ್ ಇಲ್ಲದಾಗ ಅಳತೆ ಬರೆಯುವುದು ಅಲ್ಲಿಯೇ.

9. ಬೇಕಿದ್ದರೆ: ಮಳೆಯನ್ನು ಕೇಳಿ

ಅದೇ ಆರು ಮೆಟ್ಟಿಲುಗಳಿಗೆ ಆರು ಸ್ವರ ಕೊಡಿ. ಮೋಹನ ರಾಗದ ಸ್ವರಗಳು ಇದಕ್ಕೆ ಚೆನ್ನ, ಯಾವ ಕ್ರಮದಲ್ಲಿ ಬಂದರೂ ಕಿವಿಗೆ ಹಿತ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಇಟ್ಟರೆ ಉಳಿದವು 270, 300, 360, 400, ಮೇಲಿನ ಷಡ್ಜ 480. ಎಲ್ಲವೂ ಪೂರ್ಣಾಂಕ. ಮಳೆ ಇಲ್ಲದ ದಿನ ಮೌನ. ಖಾಲಿ ದಿನಕ್ಕೆ ಒಂದು ಸಣ್ಣ ಟಕ್ ಶಬ್ದ ಇಡಿ, ಮೌನಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯಲಿ.

ಪೈಥಾನಿನ ಜೊತೆಗೆ ಬರುವ "ವೇವ್" ಘಟಕ ಶಬ್ದದ ಕಡತ ಬರೆಯುತ್ತದೆ. ಸೆಕೆಂಡಿಗೆ 44,100 ಬಿಂದು (ಬಿಂದು ಎಂದರೆ ಆ ಕ್ಷಣದ ಧ್ವನಿಯ ಅಳತೆ), ಸೆಕೆಂಡಿಗೆ 8 ದಿನದಂತೆ ಆದರೆ ಒಂದು ದಿನಕ್ಕೆ 5,512 ಬಿಂದು. ಪ್ರತಿ ಬಿಂದುವಿನ ಬೆಲೆ 32,767 ಮೀರಬಾರದು, ಮೀರಿದರೆ ಪ್ರೋಗ್ರಾಂ ನಿಲ್ಲುತ್ತದೆ ಅಥವಾ ಕಿವಿ ಗುಂಯ್ ಎನ್ನುತ್ತದೆ. ಸ್ವರ ಶುರುವಾಗುವಾಗಲೂ ಮುಗಿಯುವಾಗಲೂ ಧ್ವನಿಯನ್ನು ನಿಧಾನವಾಗಿ ಏರಿಸಿ ಇಳಿಸಿ, ಇಲ್ಲವಾದರೆ ಎರಡು ದಿನಗಳ ನಡುವೆ ಬೇಡದ ಟಕ್ ಟಕ್ ಸೇರಿಕೊಂಡು ಖಾಲಿ ದಿನ ಯಾವುದೆಂದು ತಿಳಿಯುವುದಿಲ್ಲ.

ಒಂದು ವರ್ಷ ಸುಮಾರು 46 ಸೆಕೆಂಡಿನಲ್ಲಿ ಮುಗಿಯುತ್ತದೆ. ಮೊದಲ ಕೆಲವು ಸೆಕೆಂಡು ಏನೂ ಕೇಳದಿದ್ದರೆ ಪ್ರೋಗ್ರಾಂ ಕೆಟ್ಟಿದೆ ಎಂದು ಧ್ವನಿ ಜೋರು ಮಾಡಬೇಡಿ. ಅದು ಜನವರಿ. ಜೂನ್ ಬರುವುದು ಹತ್ತೊಂಬತ್ತನೆಯ ಸೆಕೆಂಡಿಗೆ.